ಬೇತಮಂಗಲದ ಒಬ್ಬ ಸಹೋದರಿ

ಇದು ನನ್ನ ಕೈಲಿ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರತ್ತೆ ಸುಶೀಲಮ್ಮ. "ಬಾಯ್ ಬಿಟ್ರೆ ಪ್ರಸಂಗ ಮಾಡೋನು ನೀನು. ಇನ್ನೊಬ್ರ ಕಷ್ಟ ಕೂತ್ಕೊಂಡು ಕೇಳ್ತೀಯೇನ್ಲಾ? ಜನ್ಮದಾಗೆ ಆಗಲ್ಲ ಬುಡು!" ನನಗೆ ರೋಷ ಬಂತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು; ಮಾರಿಕುಪ್ಪಂ ರೈಲಿನಲ್ಲಿ ನಿಂತೇ ಓದಿ ಪಾಸಾದವನು. ಆಂಡರ್ಸನ್‌ಪೇಟೆಯ ಪುಟ್ಟ ಸಭೆಯೊಂದಕ್ಕೆ ಪಾದ್ರಿಯಾದ ಮೇಲೂ ಓದಿನ ಚಟ ಬಿಡದೆ, ಬಂಗಾರಪೇಟೆಯಲ್ಲಿ ಆಪ್ತಸಮಾಲೋಚನೆಯ ಕೋರ್ಸಿಗೆ ಸೇರಿದ್ದೆ. ಪರೀಕ್ಷೆ ಸುಲಭ. ಆದರೆ ನೂರು ಗಂಟೆ ಜನರ ಕಷ್ಟಸುಖ ಕೇಳಿ, ಅವರಿಂದ ಸಹಿ ಹಾಕಿಸಿಕೊಂಡು ಹೋದರೆ ಮಾತ್ರ ಸರ್ಟಿಫಿಕೇಟು.

ಎಂಬತ್ತು ಗಂಟೆಯವರೆಗೆ ಎಲ್ಲ ಸರಿಯಿತ್ತು. ಕೆಡಿಸಿದ್ದು ನನ್ನ ಬರವಣಿಗೆ. ಸಭೆಯ ಮಾಸಪತ್ರಿಕೆಯಲ್ಲಿ ಯೇಸುವಿನ ಬೋಧನೆಯನ್ನು ಅಡುಗೆಮನೆ, ಬಸ್‌ಸ್ಟ್ಯಾಂಡಿನವರೆಗೂ ಇಳಿಸಿ ಒಂದು ಪುಟ ಬರೆಯುತ್ತೇನೆ. ಆ ತಿಂಗಳು ಕ್ಷಮೆಯ ಬಗ್ಗೆ ಬರೆಯುತ್ತ, ಬೇತಮಂಗಲದ ಒಬ್ಬ ಸಹೋದರಿ ಕುಕ್ಕರಿನ ದೆಸೆಯಿಂದ ನಾದಿನಿಯ ಜೊತೆ ಮಾತು ಬಿಟ್ಟಿದ್ದಳು ಎಂದೆ. ಆಣೆ ಇಡುವುದು ನನ್ನ ವೃತ್ತಿಗೆ ಶೋಭಿಸದು, ಆದರೂ ಇಡುತ್ತೇನೆ: ಆ ಸಹೋದರಿಯೂ ಆ ಕುಕ್ಕರೂ ನನ್ನ ತಲೆಯಿಂದಲೇ ಬಂದವು.

ಭಾನುವಾರ ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುತ್ತಿದ್ದೆ. ಹೆಂಗಸೊಬ್ಬರು ಅಡ್ಡ ನಿಂತರು. ಹೆಸರು ಹೇಳುವುದಿಲ್ಲ, ಅಷ್ಟು ಬುದ್ಧಿ ಈಗ ಬಂದಿದೆ. "ಅಯ್ನೋರೇ, ನಿಮ್ತಾವ ಏಳ್ಕೊಂಡಿದ್ದನ್ನ ಪತ್ರಿಕೇಲಿ ಆಕ್ಬುಟ್ರಲ್ಲ! ಊರ ಎಸ್ರು ಬದ್ಲಾಯಿಸಿದ್ರೆ ನಂಗೆ ಗೊತ್ತಾಗಲ್ವಾ?"

"ಅಯ್ಯೋ, ಅದು ನೀವಲ್ಲಮ್ಮ!" ಎಂದೆ, ಪ್ರಸಂಗದ ಗಂಟಲಿನಲ್ಲೇ. "ಅದು ಕುಕ್ಕರು. ನಿಮ್ಮದು ಗ್ರೈಂಡರಿನ ಜಗಳ ಅಲ್ಲವಾ!"

ಅವರ ನಾದಿನಿ ಹಿಂದೆಯೇ ನಿಂತಿದ್ದರು. ಇಡೀ ಸಭೆಯೂ.

ಅಂದಿನಿಂದ ಒಬ್ಬರೂ ಬರಲಿಲ್ಲ. ನಾನು ಜೇಬಿನಿಂದ ಪೆನ್ನು ತೆಗೆದರೆ ಸುತ್ತಲಿನ ಮಾತು ನಿಲ್ಲುತ್ತಿತ್ತು. ಎದುರು ಸಿಕ್ಕವರು, ನಾನು ಕೇಳುವ ಮೊದಲೇ, "ಚೆನ್ನಾಗಿದೀವಿ ಅಯ್ನೋರೇ, ಏನೂ ಕಷ್ಟ ಇಲ್ಲ" ಎಂದು ದಾಟಿಹೋಗುತ್ತಿದ್ದರು. ಉಳಿದ ಇಪ್ಪತ್ತು ಗಂಟೆ ಹಾಗೇ ಉಳಿದವು. ಜನರ ಕಿವಿ ಊದುತ್ತಿರುವುದು ಅತ್ತೆಯೇ ಎಂದು ನನಗೆ ಗುಮಾನಿ.

ಒಂದು ಸಂಜೆ ಅತ್ತೆಯೇ ಬಂದು ಎದುರು ಕುಳಿತಾಗ, ಪತ್ತೇದಾರಿಕೆಗೇ ಬಂದಿದ್ದಾರೆ ಎಂದುಕೊಂಡೆ. "ಪೆನ್ ಒಳಗಿಕ್ಕು," ಎಂದರು. "ನಿಮ್ಮಾವ ತೀರ್ಕೊಂಡಾಗ ನೀನು ಬಂದೆ. ವಾಕ್ಯ ಏಳ್ದೆ, ಪ್ರಾರ್ಥನೆ ಮಾಡ್ದೆ, ಟೀ ಕುಡ್ದು ಒಂಟೋದೆ. ನಾನು ಏಳ್ಬೇಕಾಗಿದ್ದು ಅಂಗೇ ಉಳ್ಕೊಂತು. ಈಗ ಬಾಯ್ ಮುಚ್ಕೊಂಡು ಕೇಳ್ಲಾ."

ಕೇಳಿದೆ. ಸಮಾಧಾನದ ಮಾತುಗಳು ನಾಲ್ಕು ಸಲ ಗಂಟಲವರೆಗೆ ಬಂದವು, ನುಂಗಿಕೊಂಡೆ. ಎರಡು ಗಂಟೆಯಾದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಸಹಿ ಮಾಡಿ ಎದ್ದರು. ಮರುವಾರದಿಂದ ಜನ ಒಬ್ಬೊಬ್ಬರಾಗಿ ಬಂದರು, ಗ್ರೈಂಡರಿನವರೇ ಮೊದಲು. "ಎರಡು ಗಂಟೆ ತುಟಿ ಪಿಟಕ್ ಅನ್ಲಿಲ್ವಂತೆ, ನಿಮ್ಮತ್ತೆ ಏಳುದ್ರು. ನಂಗೆ ನಂಬ್ಕೆ ಇಲ್ಲ. ನೋಡಾನಾ ಅಂತ ಬಂದೆ."

ಸರ್ಟಿಫಿಕೇಟು ಸಿಕ್ಕ ದಿನ ಬಂಗಾರಪೇಟೆಯಿಂದ ನೇರ ಅತ್ತೆಯ ಮನೆಗೆ ಹೋಗಿ ಅವರ ಕೈಗೇ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, ಕಳ್ಳನೋಟೇನೋ ಎಂಬಂತೆ ಬೆಳಕಿಗೆ ಹಿಡಿದು ನೋಡಿದರು.

"ಇದ್ನೂ ಬರೀತೀಯಾ?"

"ನೀವು ಬೇಡ ಅಂದರೆ ಇಲ್ಲ ಅತ್ತೆ."

"ಬರಿ. ಬೇತಮಂಗಲ ಗೀತಮಂಗಲ ಅನ್ಬ್ಯಾಡ, ಆಂಡರ್ಸನ್‌ಪೇಟೆ ಸುಶೀಲ ಅಂತ್ಲೇ ಬರಿ. ಇಲ್ದಿದ್ರೆ ಇನ್ನೊಬ್ಳು ಇದು ನನ್ ಕಥೇನೇ ಅಂದ್ಕೊಂಡು ಬಾಗಲಾಗೆ ಅಡ್ಡ ನಿಂತ್ಕೊಂತಾಳೆ, ನೀನು ಬಾಯ್ ಬಿಡ್ತೀಯ."