ಬಿಸಿಲು ತರಿಸುವ ವಾರಗಿತ್ತಿ

ಮಡಿಕೇರಿಯಲ್ಲಿ ಆಷಾಢದಲ್ಲೂ ಬಿಸಿಲು ತರಿಸಬಲ್ಲವರು ಇಬ್ಬರೇ. ಒಬ್ಬ ದೇವರು, ಇನ್ನೊಬ್ಬಳು ನನ್ನ ವಾರಗಿತ್ತಿ. ದೇವರನ್ನು ನಂಬುವ ಹಾಗಿಲ್ಲ. ಇವಳು ಮಾತ್ರ ಕಂಪ್ಯೂಟರಿನ ಮುಂದೆ ಕೂತು, ಜಡಿಮಳೆಯಲ್ಲಿ ನಡೆದ ನಾಮಕರಣದ ವಿಡಿಯೋದಿಂದ ಕಪ್ಪು ಆಕಾಶವನ್ನು ಕಿತ್ತು ನೀಲಿಯದನ್ನು ಅಂಟಿಸಿಬಿಡುತ್ತಾಳೆ! ಕೊಡೆಗಳು ಬಿಚ್ಚಿಕೊಂಡೇ ಇರುತ್ತವೆ. ನೋಡಿದವರು, "ಎಂಥಾ ಬಿಸಿಲು ಮಾರಾಯ್ತಿ, ಎಲ್ಲರೂ ಕೊಡೆ ಹಿಡಿದಿದ್ದೀರಲ್ಲ!" ಅನ್ನುತ್ತಾರೆ.

ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು ಭಜನೆಯೋ ಹಪ್ಪಳವೋ ಅಂತ ಇರಬಾರದೇ? ಎಡಿಟಿಂಗ್ ಕಲಿತಳು. ಈಗ ನೆಂಟರಿಷ್ಟರ ಮದುವೆ, ಮುಂಜಿ ಎಲ್ಲ ಅವಳ ಕಂಪ್ಯೂಟರಿನೊಳಗೆ ಹಾದೇ ಹೊರಬರಬೇಕು. ನಾನು ಈ ಮನೆಯ ಹಿರಿ ಸೊಸೆ. ಎಷ್ಟೋ ವರ್ಷ ಎಲ್ಲರ ಬಾಯಲ್ಲೂ ನನ್ನ ಹೋಳಿಗೆಯ ಸುದ್ದಿಯೇ. ಈಗ ಅದೇ ಹೋಳಿಗೆ ತಿನ್ನುತ್ತಾ ಅವಳ ವಿಡಿಯೋ ನೋಡುತ್ತಾರೆ! ಹೊಟ್ಟೆಕಿಚ್ಚೇ? ಛೆ ಛೆ... ಹೌದು ಮಾರಾಯ್ರೆ, ಹೊಟ್ಟೆಕಿಚ್ಚೇ. ಏನೀಗ?

ನಮ್ಮ ಯಜಮಾನರ ಸೋದರಮಾವನಿಗೆ ಕೇದಾರ ನೋಡುವ ಆಸೆ. ಮಂಡಿನೋವು ಬಿಡದು. "ನೀವು ಹಸಿರಿನ ಮುಂದೆ ನಿಂತರೆ ಸಾಕು ಮಾವ, ಹಸಿರನ್ನೆಲ್ಲ ಅಳಿಸಿ ಹಿಮಾಲಯ ಇಡ್ತೇನೆ," ಎಂದಳು. ಅದಕ್ಕೆ ಎಲ್ಲರೂ ಹಸಿರು ಬಟ್ಟೆ ಕಟ್ಟುತ್ತಾರಂತೆ. ಇವಳು, "ಕೊಡಗಲ್ಲಿದ್ದುಕೊಂಡು ಹಸಿರು ಬಟ್ಟೆ ತರುವುದಾ?" ಎಂದು ಮಾವನನ್ನು ಕಾಫಿ ಗಿಡಗಳ ಮುಂದೆ ನಿಲ್ಲಿಸಿದಳು. ಹಣ್ಣು ಕೊಯ್ಯುವ ಪಿಕ್ಕಿಂಗಿನ ಕಾಲ. ಎಲೆಗಳೇನೋ ಮಾಯವಾದವು, ಕೆಂಪು ಹಣ್ಣುಗಳು ಉಳಿದವು! ಕೇದಾರದ ಹಿಮದ ಮೇಲೆ ಕಾಫಿ ಹಣ್ಣು ಗೊಂಚಲು ಗೊಂಚಲಾಗಿ ತೇಲುತ್ತಿತ್ತು. ಮಾವ ಹೊದ್ದದ್ದು ಹಸಿರು ಶಾಲು. ಅವರ ಹೊಟ್ಟೆಯೊಳಗೂ ಹಿಮ ಬೀಳುತ್ತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಮಾವ ಮಾತ್ರ ಕೈ ಮುಗಿದು, "ಕೈಲಾಸವೇ ಹೊಟ್ಟೆಯೊಳಗೆ ಬಂದ ಮೇಲೆ ಇನ್ನೆಂತ ಬೇಕು!" ಎಂದುಬಿಟ್ಟರು. ಅದೂ ಅವಳಿಗೇ ಹೊಗಳಿಕೆ!

ಇಷ್ಟೆಲ್ಲ ಸಹಿಸಿದೆ. ಆದರೆ ನನ್ನ ಮಗಳ ಮದುವೆಯ ವಿಡಿಯೋ ಬಂತು ನೋಡಿ! ಆ ಮದುವೆಗೆಂದೇ ಮೈಸೂರಿನಿಂದ ರೇಷ್ಮೆ ಸೀರೆ ತಂದಿದ್ದೆ. ಧಾರೆಯ ಹೊತ್ತಿಗೆ ಗಿಂಡಿಯಿಂದ ನೀರು ಬಿಡುವವಳು ಹೆತ್ತ ತಾಯಿ, ಅಂದರೆ ನಾನು. ಆಗಲಾದರೂ ಎಲ್ಲರ ಕಣ್ಣು ನನ್ನ ಮೇಲಿರಬೇಕಲ್ಲವೇ? ವಿಡಿಯೋದಲ್ಲಿ ನಾನು ಕುತ್ತಿಗೆಯವರೆಗೆ ಮಾತ್ರ ಇದ್ದೆ! ಸೀರೆಯಿಲ್ಲ, ಗಿಂಡಿಯಿಲ್ಲ, ಬರೀ ಮುಖ. ಅವಳು ಮಾತ್ರ ಅಂಚು ಸೆರಗಿನ ಸಮೇತ, ಸ್ಲೋ ಮೋಷನ್ನಿನಲ್ಲಿ, ಲಾಡು ಹಂಚುತ್ತಿದ್ದಳು.

ಮೈ ಉರಿದುಹೋಯಿತು. ನೆಟ್ಟಗೆ ಅವಳ ಮನೆಗೆ ಹೋದೆ.

"ನನ್ನ ಸೀರೆ ಕಂಡು ನಿನಗೆ ಹೊಟ್ಟೆ ಉರಿಯಿತಾ? ಕತ್ತರಿಸುವ ಮೊದಲು ಹೇಗಿತ್ತು, ತೋರಿಸು!"

"ಬೇಡ ಅಕ್ಕಾ."

"ತೋರಿಸು ಅಂದೆ!"

ತೋರಿಸಿದಳು. ಸೀರೆ ಪೂರ್ತಿ ಕಾಣುತ್ತಿತ್ತು. ಗಿಂಡಿ ಹಿಡಿದ ನನ್ನ ಬಲಗೈಯೂ ಕಾಣುತ್ತಿತ್ತು, ಗಡಗಡ ನಡುಗುತ್ತಾ. ನೀರೆಲ್ಲ ಹೊರಗೆ ಚೆಲ್ಲುತ್ತಿತ್ತು. ತಿಂಗಳುಗಟ್ಟಲೆ ಗಂಡನಿಗೂ ಹೇಳದೆ ಸೆರಗಿನಡಿ ಬಚ್ಚಿಟ್ಟುಕೊಂಡು ಬಂದ ನಡುಕ ಅದು.

"ಎರಡು ಕ್ಯಾಮರಾದಲ್ಲೂ ಹೀಗೇ ಬಂದಿತ್ತು ಅಕ್ಕಾ. ಅದಕ್ಕೇ ಮುಖ ಮಾತ್ರ ದೊಡ್ಡದು ಮಾಡಿ ಇಟ್ಟೆ. ಮಗಳು ನೋಡಿ ಹೆದರುವುದು ಬೇಡ ಅಂತ."

"ಯಾರಿಗಾದರೂ ಹೇಳಿದ್ದೀಯಾ?"

"ಇಲ್ಲ. ನೀವೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ."

ಅವಳು ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಕೈಯೊಳಗೂ ಅದು ನಡುಗುತ್ತಲೇ ಇತ್ತು. "ಸೋಮವಾರ ಡಾಕ್ಟರ ಹತ್ರ ಹೋಗುವ. ನಾನೂ ಬರ್ತೇನೆ," ಎಂದಳು. ನನಗೆ ತುಂಬ ಹೆದರಿಕೆಯಾಗಿತ್ತು. ಆ ಮಾತನ್ನೂ ಅವಳಿಗೇ ಮೊದಲು ಹೇಳಿದೆ.