ಚಳಿಗೆ ಕೈ ಎತ್ತದ ಟ್ರಾಕ್ಟರು

ಟ್ರಾಕ್ಟರಿನ ಹೈಡ್ರಾಲಿಕ್ಸ್ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಸಂಕ್ರಾಂತಿಯ ದಿನ ಬೆಳಿಗ್ಗೆ ಏಳು ಗಂಟೆಯವರೆಗೆ ನಾನು ದೃಢವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಒಟ್ಟು ಹದಿನಾಲ್ಕು ವಿಡಿಯೋ ನೋಡಿದ್ದೆ!

ಹೂಸ್ಟನ್ನಿನಲ್ಲಿ ಸಾಫ್ಟ್‌ವೇರ್ ಬರೆಯುವವನಿಗೆ ಟ್ರಾಕ್ಟರ್ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ವಿದ್ಯಾ ಎರಡು ವರ್ಷದಿಂದ ಅದನ್ನೇ ಕೇಳುತ್ತಿದ್ದಾಳೆ. ಹೂಸ್ಟನ್ನಿನ ಹೊರವಲಯದ ಫುಲ್‌ಶೀರ್ ಆಚೆ ಎರಡು ಎಕರೆ ಜಾಗವಿರುವ ಮನೆ ಕೊಂಡೆವು. ಜಾಗ ಅಂದಮೇಲೆ ಟ್ರಾಕ್ಟರ್ ಬೇಡವೇ? ಮುಂದೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ದೊಡ್ಡ ಬಕೆಟ್ಟು ಇರುವ ಒಂದು ಪುಟ್ಟ ಟ್ರಾಕ್ಟರನ್ನು ನಾನೂ ತಂದೆ. ವಾರವಿಡೀ ಮೀಟಿಂಗುಗಳಲ್ಲಿ ಕೂತು ಒಂದು ಹುಲ್ಲುಕಡ್ಡಿಯನ್ನೂ ಎತ್ತದ ನನಗೆ, ಸೀಟಿನ ಪಕ್ಕದ ಹಿಡಿಯನ್ನು ಎಳೆದರೆ ಸಾಕು, ಆ ತೋಳುಗಳು ದಿಮ್ಮಿಯನ್ನೇ ಎತ್ತುತ್ತವೆ ಎಂಬುದು ನಿಜಕ್ಕೂ ಹೆಮ್ಮೆಯ ವಿಷಯವಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ "ಟ್ರಾಕ್ಟರ್ ಕೆಲಸ ಇದೆ" ಎಂದು ಘೋಷಿಸಿ ಕಾಫಿ ಲೋಟದೊಂದಿಗೆ ಶೆಡ್ಡಿಗೆ ಹೋಗುತ್ತಿದ್ದೆ. ಮುಂದಿನ ಎರಡು ಗಂಟೆ ಪಾತ್ರೆ ತೊಳೆಯಲು ನನ್ನನ್ನು ಯಾರೂ ಕರೆಯುವಂತಿರಲಿಲ್ಲ.

ಹಬ್ಬಕ್ಕೆ ವಾರ ಇರುವಾಗ ವಿದ್ಯಾ ನೇರವಾಗಿ ವಿಷಯಕ್ಕೆ ಬಂದಳು.

"ರೀ, ಶನಿವಾರ ಇಪ್ಪತ್ತು ಮನೆಯವ್ರು ಬರ್ತಾರೆ. ಕಿಚ್ಚಿಗೆ ಅಂತ ಮುಂದುಗಡೆ ಬಿದ್ದಿದೆಯಲ್ಲ ಆ ಎರಡು ದಿಮ್ಮಿ, ಅದನ್ನ ನಿಮ್ಮ ಟ್ರಾಕ್ಟರು ಹಿತ್ತಲಿಗೆ ಸಾಗಿಸ್ಲಿ ನೋಡೋಣ. ಆಗ್ಲಿಲ್ಲ ಅಂದ್ರೆ ಮಾರಿಬಿಡ್ಬೇಕು. ಒಪ್ಪಿಗೆನಾ?"

"ಒಪ್ಪಿಗೆ!" ಎಂದೆ. ಗೆದ್ದಾಗಿರುವ ಪಂದ್ಯವನ್ನು ಬೇಡ ಎನ್ನಲು ನಾನೇನು ದಡ್ಡನೇ?

ಶುಕ್ರವಾರ ಟೆಕ್ಸಸ್ಸಿಗೆ ಅಪರೂಪದ ಚಳಿ ಬಂತು. ಶನಿವಾರ ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರು ಗಟ್ಟಿಯಾಗಿತ್ತು. ಶೆಡ್ಡಿಗೆ ಹೋದೆ, ಟ್ರಾಕ್ಟರ್ ಹತ್ತಿದೆ, ಸ್ಟಾರ್ಟ್ ಮಾಡಿದೆ. ಇಂಜಿನ್ ಗುಡುಗಿತು. ಹಿಡಿಯನ್ನು ಎಳೆದೆ. ಅಲ್ಲಾಡಲಿಲ್ಲ. ತಳ್ಳಿದೆ. ಜಪ್ಪಯ್ಯ ಅನ್ನಲಿಲ್ಲ!

ನಾನು ಗಾಬರಿಯಾಗಲಿಲ್ಲ. ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ನಮ್ಮ ಅತ್ತೆಗೆ ವಿವರಿಸಿದೆ. ಅವರು ಮೈಸೂರಿನಿಂದ ಸೆಪ್ಟೆಂಬರಿನಲ್ಲೇ ಬಂದಿದ್ದರು. "ನೋಡಿ ಅತ್ತೆ, ಈ ತೋಳು ಎತ್ತೋದು ಒಳಗಿರೋ ಎಣ್ಣೆ, ಅದಕ್ಕೇ ಹೈಡ್ರಾಲಿಕ್ಸ್ ಅನ್ನೋದು. ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗುತ್ತಲ್ಲ, ಹಾಗೇ ಇದೂ ಗಟ್ಟಿಯಾಗಿದೆ."

"ಹಾಗಾದ್ರೆ ಬಿಸಿನೀರಲ್ಲಿಡಿ," ಎಂದರು ಅತ್ತೆ. ವಿಜ್ಞಾನಕ್ಕೂ ಅತ್ತೆಗೂ ಇಷ್ಟು ಬೇಗ ಒಮ್ಮತ ಮೂಡಿದ್ದು ನನಗೆ ಸಂತೋಷ ತಂದಿತು.

ಟ್ರಾಕ್ಟರನ್ನು ಬಿಸಿನೀರಿನಲ್ಲಿ ಇಡಲಾಗದ ಕಾರಣ ಬಿಸಿನೀರನ್ನೇ ಟ್ರಾಕ್ಟರಿಗೆ ಹುಯ್ದೆ. ನಾಲ್ಕು ಬಕೆಟ್! ಹಿಡಿ ಸಡಿಲವಾಗಲಿಲ್ಲ. ನೀರು ಮಾತ್ರ ಸಿಮೆಂಟಿನ ಮೇಲೆ ಹರಿದು ಹೆಪ್ಪುಗಟ್ಟಿತು. ಐದನೇ ಬಕೆಟ್ ತರುವಾಗ ನಾನು ಶೆಡ್ಡಿನ ಬಾಗಿಲಿಂದ ಗೋಡೆಯವರೆಗೆ ಕೂತುಕೊಂಡೇ ಪ್ರಯಾಣ ಮಾಡಿದೆ.

ಎರಡನೇ ಚಿಕಿತ್ಸೆ ವಿದ್ಯಾಳ ಹೇರ್ ಡ್ರೈಯರ್. ಗ್ಯಾರೇಜಿನಿಂದ ಉದ್ದನೆಯ ವೈರು ಎಳೆದು, ಒಂದೊಂದೇ ಪೈಪಿಗೆ ಬಿಸಿಗಾಳಿ ಊದಿದೆ. ಹಿಡಿಯ ಬುಡದ ಹತ್ತಿರ ಮಾತ್ರ ಬಹಳ ಎಚ್ಚರ ವಹಿಸಿದೆ. ಆಯುಧ ಪೂಜೆಗೆ ವಿದ್ಯಾ ಅಲ್ಲಿಗೆ ಚೆಂಡು ಹೂವಿನ ಹಾರ ಸುತ್ತಿದ್ದಳು. ಪೂಜೆಯ ಹಾರ ತಾನಾಗಿ ಉದುರಬೇಕೇ ಹೊರತು ನಾವು ಕೀಳಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಹತ್ತು ನಿಮಿಷಕ್ಕೆ ಟಪ್ ಎಂದು ಗ್ಯಾರೇಜಿನ ಕರೆಂಟು ಹೋಯಿತು.

"ಗ್ಯಾರೇಜಲ್ಲಿ ರೈಸ್ ಕುಕ್ಕರಲ್ಲಿ ಅರವತ್ತು ಜನದ ಅನ್ನ ಬೇಯ್ತಿತ್ತು ಕಣ್ರೀ!" ಎಂದು ವಿದ್ಯಾ ಕೂಗಿದಳು.

ನಾನು ಸೈಪ್ರೆಸ್‌ನಲ್ಲಿರುವ ಗೆಳೆಯ ಬಸವರಾಜನಿಗೆ ಫೋನ್ ಮಾಡಿದೆ. ಅವನು ಧಾರವಾಡದ ಕಡೆಯವನು, ಟ್ರಾಕ್ಟರ್ ಓಡಿಸಿ ಗೊತ್ತಿರುವವನು.

"ಸರ, ಥಂಡಿಗೆ ಎಣ್ಣಿ ಬಿಗೀತೈತ್ರಿ. ಇಂಜಿನ್ ಚಾಲೂ ಇಟ್ಟು ಅರ್ಧಾ ತಾಸು ಸುಮ್ನ ಕೂಡ್ರಿ. ಆಮ್ಯಾಲ ಎಣ್ಣಿ ಎಷ್ಟೈತಿ ನೋಡ್ರಿ."

ಆ ಸೀಟಿನ ಮೇಲೆ ಸುಮ್ಮನೆ ಕೂರುವುದು ನನಗೆ ಹೊಸದೇನಲ್ಲ. ಅರ್ಧ ಗಂಟೆ ಕೂತೆ. ಹಿಡಿ ಕದಲಲಿಲ್ಲ. ಇಂಜಿನ್ ಆರಿಸಿ ಎಣ್ಣೆ ನೋಡಲು ಹೊರಟೆ. ಎಣ್ಣೆ ಅಳೆಯುವ ಕಡ್ಡಿ ಎಲ್ಲಿದೆಯೋ ಸಿಗಲಿಲ್ಲ. ಟ್ರಾಕ್ಟರಿನ ಹೊಟ್ಟೆಯ ಕೆಳಗೆ ಒಂದು ದಪ್ಪ ಬೋಲ್ಟು ಸಿಕ್ಕಿತು. ಸ್ವಲ್ಪವೇ ಸ್ವಲ್ಪ ಬಿಚ್ಚಿ ಇಣುಕೋಣ ಎಂದುಕೊಂಡೆ.

ಬೋಲ್ಟು ಕೈಗೆ ಬಂತು. ಹಿಂದೆಯೇ ಎಣ್ಣೆ ಬಂತು!

"ಪಾತ್ರೆ! ಯಾವ್ದಾದ್ರೂ ಪಾತ್ರೆ ತನ್ನಿ!" ಎಂದು ಅರಚಿದೆ. ಪಾಪ, ಅತ್ತೆ ಓಡಿಹೋಗಿ ಕೈಗೆ ಸಿಕ್ಕಿದ ದೊಡ್ಡ ಪಾತ್ರೆಯನ್ನೇ ತಂದರು. ಅದು ಅರವತ್ತು ಜನಕ್ಕೆ ಸಿಹಿ ಪೊಂಗಲ್ ಮಾಡಲು ತೊಳೆದು, ಅರಿಶಿನ ಕುಂಕುಮ ಹಚ್ಚಿಟ್ಟ ಪಾತ್ರೆ. ಕಂಠದವರೆಗೆ ತುಂಬಿತು. ಅತ್ತೆ ಬಗ್ಗಿ ನೋಡಿದರು.

"ಗಟ್ಟಿಯಾಗಿದೆ ಅಂದ್ರಿ? ಚೆನ್ನಾಗಿ ನೀರು ನೀರಾಗೇ ಇದೆಯಲ್ಲ?"

ಅಷ್ಟರಲ್ಲಿ ವಿದ್ಯಾಳೂ ಬಂದಳು. ಅವಳು ಪಾತ್ರೆ ನೋಡಿ ಬಾಯಿ ತೆರೆಯುವ ಮೊದಲು ಅತ್ತೆ ಮುಂದುವರಿಸಿದರು. "ಅಲ್ಲ, ಆಯುಧ ಪೂಜೆ ದಿನ ಬಂದಿದ್ದ ಮಕ್ಕಳು ಇದರ ಮೇಲೆ ಹತ್ತಿ ಫೋಟೋ ತೆಗೆಸ್ಕೊಂಡ್ರಲ್ಲ, ಆಗ ನೀವು ಹಿಡಿ ಅಲುಗದ ಹಾಗೆ ಏನೋ ಲಾಕ್ ಹಾಕಿ, ಸುರಕ್ಷತೆ ಮುಖ್ಯ ಅಂತ ಅರ್ಧ ಗಂಟೆ ಭಾಷಣ ಮಾಡಿದ್ರಿ. ಅದನ್ನ ತೆಗೆದ್ರಾ?"

ನಾನು ಕೈಯಲ್ಲಿದ್ದ ಬೋಲ್ಟನ್ನು ಬೆನ್ನ ಹಿಂದೆ ಅಡಗಿಸಿದೆ.

ವಿದ್ಯಾ ಒಣಗಿದ ಹಾರವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಸರಿಸಿದಳು. ಕೆಳಗೆ ಪುಟ್ಟ ಕೆಂಪು ಲಾಕು ಕೂತಿತ್ತು. ತಿರುಗಿಸಿದಳು. ಹಿಡಿ ಕಿರುಬೆರಳಿಗೇ ಆಡಿತು. ಲಾಕು ಬಿಟ್ಟಿತು, ಆದರೆ ಎತ್ತಬೇಕಾದ ಎಣ್ಣೆ ಪೊಂಗಲ್ ಪಾತ್ರೆಯಲ್ಲಿತ್ತು!

ಅಲ್ಲಿಗೆ ಮುಗಿದಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ವಿದ್ಯಾ ಇನ್ನೂ ಹಾರವನ್ನೇ ನೋಡುತ್ತಿದ್ದಳು.

"ಈ ಲಾಕ್ ಹಾಕಿದ್ದು ಅಕ್ಟೋಬರಲ್ಲಿ. ಹಾರದ್ದು ಒಂದು ಎಸಳೂ ಅಲುಗಿಲ್ಲ. ಅಂದ್ರೆ ಮೂರು ತಿಂಗಳು ಪ್ರತಿ ಭಾನುವಾರ ಇಲ್ಲಿ ಯಾವ ಕೆಲಸ ನಡೀತಿತ್ತು?"

ನಾನು ಸೀಟಿನ ಕಡೆ ನೋಡಿದೆ. ಸೀಟಿನ ಪಕ್ಕದಲ್ಲಿ ಒಂದು ದಿಂಬು, ಎರಡು ಕಾಫಿ ಲೋಟ, ಒಂದು ಚಕ್ಕುಲಿ ಡಬ್ಬಿ ಇದ್ದವು. ವಿದ್ಯಾಳೂ ಅತ್ತ ನೋಡಿದಳು.

ಸಂಜೆ ಬಂದ ಗೆಳೆಯರು ಹಗ್ಗ ಕಟ್ಟಿ ಎರಡೂ ದಿಮ್ಮಿಗಳನ್ನು ಹತ್ತು ನಿಮಿಷದಲ್ಲಿ ಹಿತ್ತಲಿಗೆ ಎಳೆದರು. ಬಸವರಾಜ ಕೈ ಕೊಡವಿಕೊಂಡು, "ಇಷ್ಟಕ್ಕ ಟ್ರಾಕ್ಟರ್ ಯಾಕ ಬೇಕಿತ್ರಿ ಸರ?" ಎಂದ. ಪೊಂಗಲ್ಲು ನಾಲ್ಕು ಸಣ್ಣ ಪಾತ್ರೆಗಳಲ್ಲಿ ಬೆಂದಿತು. ಎಲ್ಲರೂ ನನಗೆ ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡಿದರು, ವಿದ್ಯಾ ಕೊಟ್ಟು ಸುಮ್ಮನೆ ಹೋದಳು. ಅದು ನಿಜಕ್ಕೂ ಚುಚ್ಚಿತು.

ಹೊಸ ಎಣ್ಣೆ ತುಂಬಿದ ಟ್ರಾಕ್ಟರು ಒಪ್ಪಂದದ ಪ್ರಕಾರ ಈಗ ಮಾರಾಟಕ್ಕಿದೆ. ಜಾಹೀರಾತನ್ನು ನಾನೇ ಬರೆಯುತ್ತೇನೆಂದರೂ ವಿದ್ಯಾ ಬಿಡಲಿಲ್ಲ, ಅವಳೇ ಬರೆದಳು. "ಒಬ್ಬರೇ ಮಾಲೀಕರು. ಎಣ್ಣೆ ಈಗಷ್ಟೇ ಬದಲಾಯಿಸಿದೆ. ಹೈಡ್ರಾಲಿಕ್ಸ್ ಹೊಚ್ಚ ಹೊಸದರಂತಿದೆ. ಸೀಟು ಮಾತ್ರ ತುಂಬಾ ಸವೆದಿದೆ."

ಎಷ್ಟು ಸಲ ಓದಿದರೂ ಅದರಲ್ಲಿ ಒಂದು ಸುಳ್ಳನ್ನೂ ಹುಡುಕಲು ನನ್ನಿಂದಾಗಲಿಲ್ಲ.