ತೇಗದ ಚೌಕಟ್ಟಿನೊಳಗಿನ ಸುರಕ್ಷತೆ

ಬಂಗಾರಪೇಟೆಯ ಪ್ರಥಮ ದರ್ಜೆ ಗುತ್ತಿಗೆದಾರರಾದ ಶ್ರೀಮಾನ್ ಮುನೀಂದ್ರ ಅವರ ಸನ್ನಿಧಿಗೆ,

ಮಾನ್ಯರೇ,

ಅರ್ಧಕ್ಕೆ ನಿಂತಿದ್ದ ಗುಂಡಿಯ ವಿಷಯಕ್ಕೇ ಬರುತ್ತೇನೆ. ನಿನ್ನೆ ತಮ್ಮ ಕಚೇರಿಯಲ್ಲಿ ನನ್ನ ಮಾತು ಅಲ್ಲಿಗೆ ಬರುವಷ್ಟರಲ್ಲಿ ತಮ್ಮ ಫೋನು ಬಡಿದುಕೊಂಡಿತು. ಗೋಡೆಯತ್ತ ಬೆರಳು ತೋರಿಸಿ "ಅದ್ನ ಓದ್ತಿರಿ ಯಜಮಾನ್ರೇ" ಎಂದು ಹೊರಗೆ ಹೋದವರು ತಾವು ಮರಳಲೇ ಇಲ್ಲ. ಓದಿದೆ. ಇಪ್ಪತ್ತೈದು ವರ್ಷಗಳ ಅನುಭವದ ಪತ್ರ, ಪರವಾನಗಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮೂರೂ ತೇಗದ ಚೌಕಟ್ಟಿನಲ್ಲಿ ಗಾಜು ಹಾಕಿಸಿಕೊಂಡು ಸುಖವಾಗಿವೆ. ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್" ಎಂದು ಶುರುಮಾಡಿದ್ದೆ; ಮುಂದೆ ಏನು ಬರುತ್ತದೆಂಬುದು ಮರೆತಿದೆ. ಕಾಲೇಜಿಗೆ ನಾನು ಹೋದದ್ದೇ ಒಂದೂವರೆ ವರ್ಷ.

ಉರಿಗಾಂನಲ್ಲಿ ನನ್ನ ಮನೆಯೆದುರು ತಾವು ಕಟ್ಟಿಸುತ್ತಿರುವ ಸಮುದಾಯ ಭವನಕ್ಕೆ ನೀರಿನ ಸಂಪು ಬೇಕೆಂದು ಹನ್ನೆರಡಡಿ ತೋಡಿಸಿದ್ದೀರಿ, ಸಂತೋಷ. ಆದರೆ ಅದು ನೆಲವಲ್ಲ ಸ್ವಾಮಿ, ಹಿಂದೆ ಗಣಿಯಿಂದ ತಂದು ಸುರಿದ ಮಣ್ಣು, ರವೆಯಂತೆ ಜಾರುತ್ತದೆ. ಸೋಮವಾರ ಒಂದು ಬದಿ ಕುಸಿದು, ಕೂಲಿ ಆರುಮುಗಂ ಮೊಣಕಾಲವರೆಗೆ ಹೂತುಹೋದ. ಅವನನ್ನು ಮೇಲಕ್ಕೆ ಎಳೆದುಕೊಂಡೆವು, ಒಂದು ಚಪ್ಪಲಿ ಒಳಗೇ ಉಳಿಯಿತು. ನಾನು ಇಪ್ಪತ್ತಾರು ವರ್ಷ ಗಣಿಯೊಳಗೆ ಮರದ ಆಸರೆ ನಿಲ್ಲಿಸಿದವನು. ನಾನು ಕೇಳಲು ಬಂದದ್ದು ಗುಂಡಿಯ ಬದಿಗಳಿಗೆ ಆಸರೆ ಕೊಡಲು ಹತ್ತು ನೀಲಗಿರಿ ಕಂಬ, ಒಂದಷ್ಟು ಹಲಗೆ, ಅಷ್ಟೇ. ಪ್ರಮಾಣಪತ್ರ ಇಲ್ಲದ ನನಗೆ ಮಣ್ಣು ಜಾರುವುದು ಕಾಣಿಸುತ್ತದೆ, ಇರುವ ತಮಗೆ ಕಾಣಿಸುವುದಿಲ್ಲ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ.

ಸುರಕ್ಷತೆಯಲ್ಲಿ ತಮಗಿರುವ ಶ್ರದ್ಧೆಯನ್ನಂತೂ ಕಣ್ಣಾರೆ ಕಂಡಿದ್ದೇನೆ. ತಪಾಸಣೆಯವರು ಬಂದ ದಿನ ಹಳದಿ ಹೆಲ್ಮೆಟ್ಟುಗಳು ಬಂದವು, ಫೋಟೋ ಹಿಡಿಸಿಕೊಂಡವು, ಮತ್ತೆ ಗೋಣಿಚೀಲ ಸೇರಿದವು, ಅವಕ್ಕೆ ಒಂದು ಗೀರೂ ಬೀಳಲಿಲ್ಲ. ಹೇಗೋ ಹಿಂದೆ ಉಳಿದ ಒಂದರಲ್ಲಿ ಕೂಲಿಯಾಳು ಕದಿರಮ್ಮ ಹೊಸ ಗೋಡೆಗೆ ನೀರು ಮೊಗೆದು ಹಾಕುತ್ತಾಳೆ. ಗೋಡೆ ಸುರಕ್ಷಿತವಾಗಿದೆ.

ಇದನ್ನೆಲ್ಲ ಕಂಡು ನಾನೂ ಒಂದು ಇಲಾಖೆ ತೆರೆದಿದ್ದೇನೆ. ಗಣಿಗೆ ಇಳಿಯುವ ಮುನ್ನ ನಾವು ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ, ಮೇಲೆ ಬಂದಾಗ ತೆಗೆದುಕೊಳ್ಳುತ್ತಿದ್ದೆವು. ಒಂದು ಬಿಲ್ಲೆ ಉಳಿದರೂ ಹುಡುಕದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ತೀರಿಹೋದ ನನ್ನಾಕೆ ಅಶ್ವತ್ಥಮ್ಮ ಬೀಗದ ಕೈಗಳನ್ನು ನೇತುಹಾಕುತ್ತಿದ್ದ ಹಲಗೆಯಲ್ಲಿ ಎಂಟು ಮೊಳೆಗಳಿವೆ. ಈಗಿರುವುದು ಒಂದೇ ಬೀಗ, ಅದರ ಕೈ ನನ್ನ ಜೇಬಿನಲ್ಲೇ ಇರುತ್ತದೆ. ತಮ್ಮ ಆಳುಗಳೂ ಎಂಟು ಜನ. ಸೋಡಾ ಬಾಟಲಿಯ ಮುಚ್ಚಳಗಳಿಗೆ ತೂತು ಕೊರೆದು ಹಂಚಿದೆ, ಬೆಳಿಗ್ಗೆ ಮೊಳೆಗೆ ಸಿಕ್ಕಿಸಿ ಸಂಜೆ ತೆಗೆದುಕೊಂಡು ಹೋಗಬೇಕು. "ಏನ್ ತಾತ, ನಾವೇನ್ ಕುರಿಗಳಾ ಎಣಿಸಾಕೆ?" ಎಂದು ಕದಿರಮ್ಮ ನಕ್ಕಳು, ಮಾರನೆಯ ದಿನ ತನಗೆ ಕೆಂಪು ಮುಚ್ಚಳವೇ ಬೇಕೆಂದು ಜಗಳಕ್ಕೆ ನಿಂತಳು.

ತಮ್ಮಲ್ಲಿ ಅರಿಕೆ ಇಷ್ಟೇ. ಕಂಬ ಕೊಡಿಸಲಾಗದಿದ್ದರೆ ಪ್ರಮಾಣಪತ್ರದ ಜೆರಾಕ್ಸನ್ನು ಗುಂಡಿಯ ನಾಲ್ಕೂ ಬದಿಗೆ ಅಂಟಿಸಿ, ಅದನ್ನು ಓದಿಕೊಂಡು ಅಲುಗಾಡದೆ ನಿಲ್ಲುವಂತೆ ಮಣ್ಣಿಗೂ ಒಂದು ದಿನದ ತರಬೇತಿ ಕೊಡಿಸಿ. ಅದೂ ಆಗದಿದ್ದರೆ ತಮ್ಮ ಕುರ್ಚಿಯನ್ನೇ ಗುಂಡಿಯ ತಳಕ್ಕೆ ಇಳಿಸಿ, ಹನ್ನೊಂದರಿಂದ ಒಂದರವರೆಗೆ ಅಲ್ಲೇ ಕಚೇರಿ ನಡೆಸಿ; ಒಂಬತ್ತನೆಯ ಮೊಳೆ ನಾನೇ ಹೊಡೆಯುತ್ತೇನೆ. ತಮ್ಮಂಥ ಅನುಭವಿಗಳಿಗೆ ಮುಚ್ಚಳ ಯಾವ ಬಣ್ಣದ್ದು ಇರಬೇಕೆಂದು...

ಅಕ್ಷರ ಮಸುಕಾಗುತ್ತಿದೆ, ಹೊತ್ತು ಮುಳುಗಿದೆ. ತಲೆಯೆತ್ತಿ ನೋಡಿದರೆ ಆರುಮುಗಂನ ಮುಚ್ಚಳ ಇನ್ನೂ ಮೊಳೆಯಲ್ಲಿದೆ. ಹೊರಟೆ.

ತಮ್ಮ ವಿಶ್ವಾಸಿ,
ಆದಿನಾರಾಯಣ

ವಿ.ಸೂ.: ಮರುದಿನ ಬೆಳಿಗ್ಗೆ. ಆರುಮುಗಂ ಬದುಕಿದ್ದಾನೆ. "ಬಸ್ಸು ಓಗ್ಬಿಡ್ತಿತ್ತು ತಾತ, ಈ ಕಡೆ ಬರ್ದೆ ಬೇಲಿ ಆರ್ಬಿಟ್ಟೆ" ಎಂದು ಈಗ ಹಲ್ಲು ಕಿರಿಯುತ್ತ ಬಂದು ತನ್ನ ಮುಚ್ಚಳ ತೆಗೆದುಕೊಂಡ. ಅವನು ಬೇತಮಂಗಲದ ಮನೆ ಮುಟ್ಟಿದ್ದಾನೆಂದು ಅವನ ಹೆಂಡತಿ ಕಲಾ ಫೋನಿನಲ್ಲಿ ಹೇಳುವವರೆಗೆ ನಿನ್ನೆ ಅರ್ಧ ಗಂಟೆ ಗುಂಡಿಯ ಅಂಚಿನಲ್ಲಿ ಟಾರ್ಚು ಹಿಡಿದು ಅವನ ಹೆಸರು ಕೂಗಿದೆ. ಅಂಥ ಅರ್ಧ ಗಂಟೆಗಳು ತಮ್ಮ ಇಪ್ಪತ್ತೈದು ವರ್ಷಗಳಲ್ಲಿ ಎಷ್ಟಿವೆಯೋ, ಗೋಡೆಯ ಅನುಭವದ ಪತ್ರದಲ್ಲಿ ನಮೂದಾಗಿಲ್ಲ. ಇಂದು ಹನ್ನೊಂದರೊಳಗೆ ಕಂಬ ಬಾರದಿದ್ದರೆ ಸ್ಕ್ರೂಡ್ರೈವರ್ ಸಮೇತ ತಮ್ಮ ಕಚೇರಿಗೆ ಬರುತ್ತೇನೆ. ಚೌಕಟ್ಟುಗಳ ತೇಗ ಒಳ್ಳೆಯದು, ಮೊನ್ನೆ ಗೇಣು ಹಾಕಿ ನೋಡಿದ್ದೇನೆ. ಕಾಗದಗಳನ್ನು ಜೋಪಾನವಾಗಿ ತಮ್ಮ ಮೇಜಿನ ಮೇಲಿಟ್ಟು, ಮರವನ್ನಷ್ಟೇ ಒಯ್ಯುತ್ತೇನೆ.